ಫಿಟ್ಸ್‌ಜೆರಾಲ್ಡ್ ಉಮರನಿಗೆ ಮೋಸ ಮಾಡಿದನಾ?

ಪ್ರಶ್ನೆ: ಡಿವಿಜಿಯವರ 'ಉಮರನ ಒಸಗೆ' ಓದಿದೆ, ತುಂಬಾ ಹಿಡಿಸಿತು. ಅದು ಉಮರ್ ಖಯ್ಯಾಮನ ಪರ್ಷಿಯನ್ ಪದ್ಯಗಳಿಂದ ನೇರ ಬಂದದ್ದಲ್ಲ, ಎಡ್ವರ್ಡ್ ಫಿಟ್ಸ್‌ಜೆರಾಲ್ಡ್ ಎಂಬ ಇಂಗ್ಲಿಷ್ ಕವಿಯ ಅನುವಾದದಿಂದ ಬಂದದ್ದು ಅಂತ ಆಮೇಲೆ ಗೊತ್ತಾಯಿತು. ಆ ಇಂಗ್ಲಿಷ್ ಅನುವಾದವೇ ಮೂಲದಂತಿಲ್ಲ ಅಂತ ಗೆಳೆಯರೊಬ್ಬರು ಹೇಳುತ್ತಾರೆ. ನಿಜವಾ? ಈ ಫಿಟ್ಸ್‌ಜೆರಾಲ್ಡ್ ಯಾರು? ಇಂಗ್ಲಿಷಿನಲ್ಲಿ ಓದುವುದಾದರೆ ಯಾವ ಆವೃತ್ತಿ ಓದಲಿ?

ಉತ್ತರ: ನಿಮ್ಮ ಗೆಳೆಯರು ಹೇಳಿದ್ದು ನಿಜ. ಆದರೆ ಅಷ್ಟಕ್ಕೇ ಪುಸ್ತಕ ಕೆಳಗಿಡಬೇಡಿ.

ಒಂದೇ ಪದ್ಯ ನೋಡೋಣ. ಮರದ ಕೆಳಗೆ ಒಂದು ರೊಟ್ಟಿ, ಒಂದು ಹೂಜಿ ಮದ್ಯ, ಒಂದು ಕವಿತೆ ಪುಸ್ತಕ, ಪಕ್ಕದಲ್ಲಿ ಹಾಡುತ್ತಾ ನೀನು, ಇಷ್ಟಿದ್ದರೆ ಈ ಕಾಡೇ ಸ್ವರ್ಗ, ಅನ್ನುವ ಪದ್ಯ ನಿಮಗೆ ನೆನಪಿರಬೇಕು. ಫಿಟ್ಸ್‌ಜೆರಾಲ್ಡ್ ಬಳಸಿದ ಆಕ್ಸ್‌ಫರ್ಡಿನ ಹಸ್ತಪ್ರತಿಯಲ್ಲಿ ಇದಕ್ಕೆ ಹತ್ತಿರವಾದ ಎರಡು ಬೇರೆ ಬೇರೆ ರುಬಾಯಿಗಳು, ಅಂದರೆ ನಾಲ್ಕು ಸಾಲಿನ ಪದ್ಯಗಳು, ಇವೆ. ಒಂದರಲ್ಲಿ ಮದ್ಯ, ಕವಿತೆ ಪುಸ್ತಕ, ಜೀವ ಹಿಡಿದಿಡಲು ಅರ್ಧ ರೊಟ್ಟಿ. ಇನ್ನೊಂದರಲ್ಲಿ ಗೋಧಿ ರೊಟ್ಟಿ, ಮದ್ಯ, ಜೊತೆಗೆ ಕುರಿಯ ತೊಡೆ. ನಾವಿಬ್ಬರೂ ಬಯಲಲ್ಲಿ ಕೂತ ಆ ಸುಖದ ಮುಂದೆ ಸುಲ್ತಾನನೂ ಸಣ್ಣವನು ಅಂತ ಎರಡೂ ಮುಗಿಯುತ್ತವೆ. ಫಿಟ್ಸ್‌ಜೆರಾಲ್ಡ್ ಎರಡನ್ನೂ ಬೆರೆಸಿದ. ಕುರಿಮಾಂಸ ಬಿಟ್ಟ; ಆತನೂ ಬಹುಪಾಲು ರೊಟ್ಟಿ, ಹಣ್ಣು ತಿಂದೇ ಬದುಕಿದವನು. ಸುಲ್ತಾನನನ್ನು ಹಿಂದಿನ ಪದ್ಯಕ್ಕೆ ಕಳಿಸಿದ. ಹಾಡು ಸೇರಿಸಿದ. ಕಾಡನ್ನು ಸ್ವರ್ಗ ಮಾಡಿದ.

ಇದಕ್ಕಿಂತ ದೊಡ್ಡ ಬದಲಾವಣೆ ಇನ್ನೊಂದಿದೆ. ರುಬಾಯಿಯ ನಾಲ್ಕು ಸಾಲಿಗೆ ಒಂದು ಕಟ್ಟಿದೆ. ಒಂದು, ಎರಡು, ನಾಲ್ಕನೇ ಸಾಲಿಗೆ ಪ್ರಾಸ, ಮೂರನೆಯದು ಸಾಮಾನ್ಯವಾಗಿ ಬಿಡಿ. ಪ್ರತಿ ರುಬಾಯಿಯೂ ಸ್ವತಂತ್ರ. ಹಸ್ತಪ್ರತಿಯಲ್ಲಿ ಅವನ್ನು ಪ್ರಾಸದ ಕೊನೆಯ ಅಕ್ಷರದ ಪ್ರಕಾರ ಜೋಡಿಸಿದ್ದಾರೆ, ಅಷ್ಟೇ. ಅದರಲ್ಲಿ ಕಥೆ ಇಲ್ಲ. ಫಿಟ್ಸ್‌ಜೆರಾಲ್ಡ್ ಪ್ರಾಸದ ಕಟ್ಟನ್ನು ಉಳಿಸಿಕೊಂಡ, ಆದರೆ ಬಿಡಿ ಪದ್ಯಗಳನ್ನು ಒಂದು ದಿನದ ದಾರಕ್ಕೆ ಪೋಣಿಸಿದ. ಬೆಳಗಾಗುತ್ತದೆ, ಉಮರ್ ಯೋಚನೆಯಲ್ಲಿರುತ್ತಾನೆ, ಕುಡಿಯುತ್ತಾ ಕುಡಿಯುತ್ತಾ ದೇವರ ಮೇಲೇ ಸಿಟ್ಟಾಗುತ್ತಾನೆ, ಕೊನೆಗೆ ಚಂದ್ರ ಹುಟ್ಟುವ ಹೊತ್ತಿಗೆ ಅಮಲಿಳಿದು ಮಂಕಾಗುತ್ತಾನೆ. ಈ ಏರಿಳಿತ ಪೂರ್ತಿ ಫಿಟ್ಸ್‌ಜೆರಾಲ್ಡನದು. 1899ರಲ್ಲಿ ಎಡ್ವರ್ಡ್ ಹೆರಾನ್-ಆಲನ್ ಎಂಬ ವಿದ್ವಾಂಸ ಕೂತು ಲೆಕ್ಕ ಹಾಕಿದ. 49 ಪದ್ಯಗಳಿಗೆ ಒಂದೊಂದು ಮೂಲ ರುಬಾಯಿ ಸಿಕ್ಕಿತು. 44 ಪದ್ಯಗಳು ಒಂದಕ್ಕಿಂತ ಜಾಸ್ತಿ ರುಬಾಯಿ ಬೆರೆತು ಆದವು.

ಈಗ ಫಿಟ್ಸ್‌ಜೆರಾಲ್ಡ್ ಎಂಬ ಮನುಷ್ಯನ ವಿಷಯ. ಹುಟ್ಟಿದ್ದು 1809ರಲ್ಲಿ, ಇಂಗ್ಲೆಂಡಿನ ಸಫೋಕ್ ಸೀಮೆಯ ವುಡ್‌ಬ್ರಿಡ್ಜ್ ಹತ್ತಿರದ ಬ್ರೆಡ್‌ಫೀಲ್ಡ್‌ನಲ್ಲಿ. ತಾಯಿಯ ಕಡೆ ಅಪಾರ ಆಸ್ತಿ. ಹಾಗಾಗಿ ಜೀವನಪೂರ್ತಿ ಸಂಬಳಕ್ಕೆ ದುಡಿಯಲಿಲ್ಲ. ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿ ಓದಿದ. ಕಾದಂಬರಿಕಾರ ಠ್ಯಾಕರೆ, ಕವಿ ಟೆನಿಸನ್ ಇಬ್ಬರೂ ಆಪ್ತ ಗೆಳೆಯರು. ಅವರು ಲಂಡನ್ನಿನಲ್ಲಿ ಹೆಸರು ಮಾಡುತ್ತಿದ್ದಾಗ ಈತ ಹಳ್ಳಿಯಲ್ಲಿ ಪುಸ್ತಕ, ತೋಟ, ದೋಣಿ, ಕಾಗದ ಬರೆಯುವುದು, ಇಷ್ಟರಲ್ಲೇ ಇದ್ದ. 1853ರಲ್ಲಿ ಸ್ಪ್ಯಾನಿಷ್ ನಾಟಕಕಾರ ಕಾಲ್ಡೆರಾನ್‌ನ ಆರು ನಾಟಕ ಅನುವಾದಿಸಿದ. ವಿಮರ್ಶಕರು ಒಲಿಯಲಿಲ್ಲ.

ಪರ್ಷಿಯನ್ ಕಲಿಸಿದವನು ಎಡ್ವರ್ಡ್ ಕೊವೆಲ್, ಫಿಟ್ಸ್‌ಜೆರಾಲ್ಡನಿಗಿಂತ ಸುಮಾರು 17 ವರ್ಷ ಚಿಕ್ಕವನು. ಇವನ ಹೆಸರು ಯಾರೂ ಅಷ್ಟಾಗಿ ಹೇಳುವುದಿಲ್ಲ, ನನಗೆ ಅದೇ ಬೇಜಾರು. ಆಕ್ಸ್‌ಫರ್ಡಿನ ಬೋಡ್ಲಿಯನ್ ಗ್ರಂಥಾಲಯದಲ್ಲಿ 158 ರುಬಾಯಿಗಳ ಹಸ್ತಪ್ರತಿ ಕಂಡು ನಕಲು ಮಾಡಿಕೊಟ್ಟವನು ಇವನೇ. 1856ರಲ್ಲಿ ಕಲ್ಕತ್ತಾಕ್ಕೆ ಪ್ರಾಧ್ಯಾಪಕನಾಗಿ ಹೋದ, ಅಲ್ಲಿನ ಏಷ್ಯಾಟಿಕ್ ಸೊಸೈಟಿಯಲ್ಲಿ ಇನ್ನೊಂದು ಹಸ್ತಪ್ರತಿ ಹುಡುಕಿ ಅದರ ನಕಲನ್ನೂ ಕಳಿಸಿದ. ನಮಗೆ ಹತ್ತಿರದ ಸಂಗತಿ ಒಂದಿದೆ: ವಿದ್ಯಾರಣ್ಯರ ಹೆಸರಿನಲ್ಲಿ ಬಂದಿರುವ 'ಸರ್ವದರ್ಶನಸಂಗ್ರಹ'ವನ್ನು ಗಫ್ ಎಂಬವನ ಜೊತೆ ಸೇರಿ ಇಂಗ್ಲಿಷಿಗೆ ತಂದದ್ದೂ ಇದೇ ಕೊವೆಲ್.

ಕೊವೆಲ್ ಹಡಗು ಹತ್ತಿದ ವರ್ಷವೇ ಫಿಟ್ಸ್‌ಜೆರಾಲ್ಡ್ ಮದುವೆಯಾದ. ತೀರಿಹೋದ ಗೆಳೆಯ, ಕವಿ ಬರ್ನಾರ್ಡ್ ಬಾರ್ಟನ್‌ನ ಮಗಳು ಲೂಸಿಯನ್ನು ನೋಡಿಕೊಳ್ಳುತ್ತೇನೆ ಎಂದು ಕೊಟ್ಟ ಮಾತಿತ್ತು. ಕೆಲವೇ ತಿಂಗಳಲ್ಲಿ ಇಬ್ಬರೂ ಬೇರೆಯಾದರು. ಉಮರನ ಪದ್ಯಗಳು ಹುಟ್ಟಿದ್ದು ಈ ದಿನಗಳಲ್ಲಿ. ಅರ್ಥವಾಗದ ಸಾಲುಗಳನ್ನು ಕಾಗದದಲ್ಲಿ ಬರೆದು ಕಲ್ಕತ್ತಾಕ್ಕೆ ಕಳಿಸುತ್ತಿದ್ದ. ಉತ್ತರ ಬರಲು ತಿಂಗಳುಗಟ್ಟಲೆ ಕಾಯಬೇಕು. ದೂರ ಹೋದ ಗೆಳೆಯನ ಜೊತೆ ಮಾತು ನಿಲ್ಲದಿರಲಿ ಅಂತಲೇ ಆತ ಪರ್ಷಿಯನ್ ಹಿಡಿದುಕೊಂಡಿದ್ದ ಅಂತ ನನಗೆ ಅನಿಸುತ್ತದೆ. ಹಾಗಾಗಿ ಮೋಸ ಅನ್ನುವ ಮಾತು ನನಗೆ ಒಪ್ಪಿಗೆಯಿಲ್ಲ. ಆದರೆ ಅವನ ಒಂದು ಮಾತನ್ನು ನಾನು ಸಮರ್ಥಿಸುವುದಿಲ್ಲ. ಈ ಪರ್ಷಿಯನ್ನರು ಹೆದರಬೇಕಾದಷ್ಟು ದೊಡ್ಡ ಕವಿಗಳಲ್ಲ, ಇವರನ್ನು ತಿದ್ದಲು ಸ್ವಲ್ಪ ಕಲೆ ಬೇಕು ಅನ್ನುವ ಅರ್ಥದಲ್ಲಿ 1857ರಲ್ಲಿ ಕೊವೆಲ್‌ಗೆ ಬರೆದ. ಘನ ಸಮೀಕರಣಗಳನ್ನು ಬಿಡಿಸಿದ, ಪಂಚಾಂಗ ತಿದ್ದಿದ ನಿಶಾಪುರದ ಆ ಪಂಡಿತ ಉಮರನ ಬಗ್ಗೆ, ಆತ ಹುಟ್ಟಿದ ಭಾಷೆಯ ಬಗ್ಗೆ, ಇದು ತಪ್ಪು ಮಾತು.

1858ರಲ್ಲಿ ಕೆಲವು ಪದ್ಯಗಳನ್ನು ಒಂದು ಪತ್ರಿಕೆಗೆ ಕಳಿಸಿದ, ಅವರು ಒಂದು ವರ್ಷ ಸುಮ್ನೆ ಇಟ್ಟುಕೊಂಡರು. ವಾಪಸ್ ತಗೊಂಡು, ಇನ್ನಷ್ಟು ಸೇರಿಸಿ, 1859ರಲ್ಲಿ ತನ್ನ ಖರ್ಚಿನಲ್ಲಿ 250 ಪ್ರತಿ ಅಚ್ಚು ಹಾಕಿಸಿದ. ಹೆಸರೂ ಹಾಕಲಿಲ್ಲ. ಮಾರಾಟವಾಗಲಿಲ್ಲ. ಲಂಡನ್ನಿನ ಪುಸ್ತಕ ವ್ಯಾಪಾರಿ ಕ್ವಾರಿಚ್ ಅವನ್ನು ಅಂಗಡಿ ಹೊರಗಿನ ಒಂದು ಪೆನ್ನಿಯ ಪೆಟ್ಟಿಗೆಗೆ ಹಾಕಿದ. 1861ರಲ್ಲಿ ಅಲ್ಲಿಂದ ವಿಟ್ಲಿ ಸ್ಟೋಕ್ಸ್ ಎಂಬ ವಿದ್ವಾಂಸನ ಕೈಗೆ, ಅವನಿಂದ ಕವಿ ರೊಸೆಟ್ಟಿಗೆ, ರೊಸೆಟ್ಟಿಯಿಂದ ಸ್ವಿನ್‌ಬರ್ನ್‌ಗೆ. ಹಾಗೆ ಹಬ್ಬಿತು. 1883ರಲ್ಲಿ ಫಿಟ್ಸ್‌ಜೆರಾಲ್ಡ್ ತೀರಿಕೊಂಡಾಗಲೂ ಅದು ಮನೆಮಾತಾಗಿರಲಿಲ್ಲ. ದೊಡ್ಡ ಅಲೆ ಎದ್ದದ್ದು ಆಮೇಲೆ.

ಇನ್ನು ಆವೃತ್ತಿ. 1859ರದ್ದರಲ್ಲಿ 75 ಪದ್ಯ, 1868ರದ್ದರಲ್ಲಿ 110, 1872 ಮತ್ತು 1879ರವುಗಳಲ್ಲಿ 101. ಪ್ರತಿ ಸಲವೂ ತಿದ್ದಿದ್ದಾನೆ. ನನ್ನ ಆಯ್ಕೆ ಮೊದಲನೆಯದು, ಅದರಲ್ಲಿ ಬಿಸಿ ಜಾಸ್ತಿ. ಅದನ್ನು ಓದಿ, ಆಮೇಲೆ 1879ರದ್ದನ್ನು ಪಕ್ಕದಲ್ಲಿಟ್ಟುಕೊಂಡು ಆ ರೊಟ್ಟಿಯ ಪದ್ಯವನ್ನೇ ಮತ್ತೆ ನೋಡಿ. ಮೊದಲು ರೊಟ್ಟಿಯಿಂದ ಶುರುವಾಗಿದ್ದ ಸಾಲು ಅಷ್ಟರಲ್ಲಿ ಕವಿತೆ ಪುಸ್ತಕದಿಂದ ಶುರುವಾಗುತ್ತದೆ.