ಖಾಲಿ ಖೋಖಾದ ಲೆಕ್ಕ

ಹಾಸನ ಜಿಲ್ಲೆಯ ಶಿಕ್ಷಕಿಯೊಬ್ಬರು ಬರೆದಿದ್ದಾರೆ: ‘ಎಂಟನೇ ತರಗತಿಯಲ್ಲಿರುವ ನನ್ನ ಮಗಳು ಏರ್ ರೈಫಲ್ ತರಬೇತಿಗೆ ಸೇರುತ್ತೇನೆಂದು ಹಟ ಹಿಡಿದಿದ್ದಾಳೆ. ನನ್ನ ಯಜಮಾನರು ಆಗಲೇ ಹೂಂ ಎಂದಿದ್ದಾರೆ. ಅದೇ ವಾರ ನಿಮ್ಮ ಪತ್ರಿಕೆಯಲ್ಲಿ ಕೊಡಗಿನ ಕೈಲ್‌ಪೊಳ್ದ್ ಹಬ್ಬದ ಚಿತ್ರ ನೋಡಿದೆ, ಅಜ್ಜನ ಕೋವಿ ಹಿಡಿದು ನಗುತ್ತ ನಿಂತ ಹುಡುಗನದು. ಮಕ್ಕಳ ಕೈಗೆ ಬಂದೂಕು ಕೊಟ್ಟು ನಾವೂ ಅಮೆರಿಕದ ಹಾದಿ ಹಿಡಿಯಬೇಕೆ? ನಿಮ್ಮಂಥವರು ಅದಕ್ಕೆ ಹಾರ ಹಾಕಬೇಕೆ?’

ಅಮ್ಮಾ, ಕಚೇರಿಗೆ ಹೊಸದಾಗಿ ಸೇರಿದವರೊಬ್ಬರು ನಿಮ್ಮ ಕಾಗದ ಓದಿ ‘ಇದಕ್ಕೆ ಎರಡು ಸಾಲಿನ ಉತ್ತರ ಸಾಕು ಸಾರ್’ ಎಂದರು. ಪಾಪ, ಅವರಿಗೆ ನನ್ನ ಸ್ವಭಾವ ಇನ್ನೂ ಗೊತ್ತಿಲ್ಲ.

ನಿಮ್ಮ ಅಂಜಿಕೆ ಸುಳ್ಳೆಂದು ನಾನು ಹೇಳುವುದಿಲ್ಲ. ಹಂದಿಯೆಂದು ತಿಳಿದು ಜೊತೆಗಾರನಿಗೇ ಗುಂಡು ಹಾರಿಸಿದ ಸುದ್ದಿಯನ್ನೂ, ತೋಟದ ಗಡಿ ಜಗಳಕ್ಕೆ ಕೋವಿ ಎತ್ತಿದ ಸುದ್ದಿಯನ್ನೂ ನಾವೇ ಅಚ್ಚು ಹಾಕಿದ್ದೇವೆ. ಅಮೆರಿಕದ ಶಾಲೆಗಳಲ್ಲಿ ನಡೆಯುವುದನ್ನು ಓದಿದ ತಾಯಿಗೆ ನಿದ್ದೆ ಬರದಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಇಷ್ಟು ಒಪ್ಪಿದೆ. ಇನ್ನು ನನ್ನ ಸರದಿ.

ಅಮೆರಿಕದ ಹಾದಿ ಬೇಕೋ ಬೇಡವೋ ಎಂಬ ಮಾತು ನಮ್ಮಲ್ಲಿ ಎಂದೋ ಇತ್ಯರ್ಥವಾಗಿದೆ. ಅವರು 1791ರಲ್ಲೇ ಬಂದೂಕನ್ನು ಸಂವಿಧಾನದೊಳಗೆ ಕೂರಿಸಿಕೊಂಡರು. ನಮ್ಮವರಿಗೂ ಆ ಆಸೆ ಇರಲಿಲ್ಲವೆಂದಲ್ಲ. ಬ್ರಿಟಿಷರು 1878ರ ಆಯುಧ ಕಾಯ್ದೆಯಿಂದ ದೇಶದ ಕೈ ಬರಿದು ಮಾಡಿದ್ದರಲ್ಲ, ಆ ಸಿಟ್ಟಿಗೆ 1931ರ ಕರಾಚಿ ಕಾಂಗ್ರೆಸ್ ಅಧಿವೇಶನ ಒಪ್ಪಿದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ ಆಯುಧ ಹೊಂದುವ ಹಕ್ಕೂ ಇತ್ತು, ನಿಯಮಗಳಿಗೆ ಒಳಪಟ್ಟು. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಅದನ್ನು ಮತ್ತೆ ಎತ್ತಿದವರು ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು. ಅಂಬೇಡ್ಕರ್ ಒಪ್ಪಲಿಲ್ಲ, ತಿದ್ದುಪಡಿ ಬಿದ್ದುಹೋಯಿತು. ಬಿದ್ದದ್ದೇ ಒಳ್ಳೆಯದಾಯಿತು ಎನ್ನುವವರಲ್ಲಿ ನಾನೂ ಒಬ್ಬ. ಸಂತೆಯಲ್ಲಿ ಬದನೆಕಾಯಿ ಕೊಂಡಂತೆ ಬಂದೂಕು ಕೊಳ್ಳುವ ಊರಿನಲ್ಲಿ ನನಗೂ ವಾಸ ಮಾಡುವ ಆಸೆಯಿಲ್ಲ. ಇಲ್ಲಿ 1959ರ ಕಾಯ್ದೆ ಇದೆ, ಲೈಸೆನ್ಸ್ ಇದೆ, ಪೊಲೀಸ್ ವಿಚಾರಣೆ ಇದೆ. 2019ರ ತಿದ್ದುಪಡಿಯಾದ ಮೇಲೆ ಮದುವೆ ಮೆರವಣಿಗೆಯಲ್ಲಿ ಖುಷಿಗೆಂದು ಗುಂಡು ಹಾರಿಸಿ ಬೇರೆಯವರ ಪ್ರಾಣಕ್ಕೆ ಸಂಚಕಾರ ತಂದರೆ ಎರಡು ವರ್ಷದವರೆಗೆ ಜೈಲೂ ಇದೆ.

ಈ ಬಿಗಿಯ ನಡುವೆ ಕೊಡಗಿಗೆ ಮಾತ್ರ ಒಂದು ಕಿಂಡಿ ಉಳಿದುಕೊಂಡಿತು. ನಿಮ್ಮ ಕಣ್ಣಿಗೆ ಚುಚ್ಚಿದ ಆ ಚಿತ್ರದ ಹಿಂದಿನ ಕಥೆ ಅದೇ. 1861ರಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್, ಹೌದು, ಬೆಂಗಳೂರಿನ ಪಾರ್ಕಿನ ಕಬ್ಬನ್ನೇ, ಕೊಡವರನ್ನು ನಿರಾಯುಧೀಕರಣದ ಕಾನೂನಿನಿಂದ ಹೊರಗಿಟ್ಟ. ಸ್ವತಂತ್ರ ಭಾರತವೂ ಕೊಡವರಿಗೆ ಮತ್ತು ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ, ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳುವ ಆ ವಿನಾಯಿತಿಯನ್ನು ಮುಂದುವರಿಸಿತು. ಇದು ಸಮಾನತೆಗೆ ವಿರುದ್ಧವೆಂದು ನ್ಯಾಯಾಲಯದ ಮೆಟ್ಟಿಲು ಹತ್ತಿದವರಿದ್ದರು. 2021ರಲ್ಲಿ ಕರ್ನಾಟಕ ಹೈಕೋರ್ಟ್ ವಿನಾಯಿತಿಯನ್ನು ಎತ್ತಿಹಿಡಿಯಿತು. ಸದ್ಯಕ್ಕೆ ಅದು 2029ರವರೆಗೆ ಇದೆ.

ವಿರಾಜಪೇಟೆ ಹತ್ತಿರದ ಗೆಳೆಯರ ಮನೆಗೆ ಒಂದು ಕೈಲ್‌ಪೊಳ್ದ್‌ಗೆ ಹೋಗಿದ್ದೆ. ನಾಟಿ ಮುಗಿದು, ಮಳೆ ಇನ್ನೂ ಜಿನುಗುತ್ತಿದ್ದ ಸೆಪ್ಟೆಂಬರ್. ಕೋವಿಯನ್ನು ಎಣ್ಣೆ ಬಟ್ಟೆಯಲ್ಲಿ ಒರೆಸಿ, ಕತ್ತಿಗಳ ಪಕ್ಕ ದೇವರ ಮುಂದೆ ಇಟ್ಟು, ನಳಿಗೆಯ ತುದಿಗೆ ತೋಕ್‌ಪೂ ಸಿಕ್ಕಿಸಿದ್ದರು. ಬೆಂಕಿಯ ನಾಲಗೆಯಂಥ ಎಸಳಿನ ಹೂವು, ನಮ್ಮ ಕಡೆ ಅಗ್ನಿಶಿಖೆ ಎನ್ನುತ್ತಾರೆ. ಕಡಂಬುಟ್ಟು, ಪಂದಿಕರಿ ಮುಗಿಸಿ ಎಲ್ಲರೂ ತೆಂಗಿನಕಾಯಿಗೆ ಗುರಿಯಿಡಲು ಹೊರಟರು. ಹನ್ನೆರಡು ವರ್ಷದ ಹುಡುಗ ‘ತಾತಾ, ನಾನು ಹಿಡಿಯಲೇ?’ ಎಂದು ಕೈ ನೀಡಿದ. ಅಜ್ಜ ಕೋವಿಯನ್ನು ಕೀಲಿನಲ್ಲಿ ಮಡಿಸಿ ತೆರೆದು, ಖಾಲಿ ನಳಿಗೆಯನ್ನು ತಾನೊಮ್ಮೆ ನೋಡಿ, ಹುಡುಗನಿಗೂ ಆಕಾಶದ ಬೆಳಕಿಗೆ ಹಿಡಿದು ತೋರಿಸಿ, ಆಮೇಲೆಯೇ ಕೈಗೆ ಕೊಟ್ಟರು. ಹುಡುಗ ನಕ್ಕ. ನೀವು ಚಿತ್ರದಲ್ಲಿ ಕಂಡದ್ದು ಅಂಥದೇ ನಗು. ಅದಕ್ಕೆ ಮುಂಚಿನ ಅರ್ಧ ನಿಮಿಷ ಚಿತ್ರಕ್ಕೆ ಸಿಗಲಿಲ್ಲ. ಅದು ಛಾಯಾಗ್ರಾಹಕರ ತಪ್ಪು, ಅಡಿಬರಹ ಬರೆಯಿಸದ ನನ್ನದೂ ತಪ್ಪು.

ನನಗೆ ಬಂದೂಕಿನ ಪಾಠ ಆದದ್ದು ಕಾಲೇಜಿನ ಎನ್‌ಸಿಸಿ ಶಿಬಿರದಲ್ಲಿ. ಪಾಯಿಂಟ್ ಟೂ ಟೂ ರೈಫಲ್, ಒಬ್ಬೊಬ್ಬರಿಗೆ ಐದು ಗುಂಡು. ಹೊಡೆದು ಮುಗಿಸಿದ ಮೇಲೆ ಖಾಲಿ ಕೋಶಗಳನ್ನು, ತರಬೇತಿ ಕೊಡುವ ಉಸ್ತಾದರ ಭಾಷೆಯಲ್ಲಿ ಖೋಖಾಗಳನ್ನು, ಎಣಿಸಿ ಒಪ್ಪಿಸಬೇಕಿತ್ತು. ಒಂದು ಕಡಿಮೆ ಬಂತು. ಬಿಸಿಲಲ್ಲಿ ಮೂವತ್ತು ಹುಡುಗರು ಮಂಡಿಯೂರಿ, ಬೆರಳಗಲದ ಹಿತ್ತಾಳೆ ಚೂರಿಗಾಗಿ ಹುಲ್ಲು ತಡಕಿದೆವು. ಸಂಜೆ ಚಹಾ ತಪ್ಪಿತು. ಕೊನೆಗೆ ಅದು ಸಿಕ್ಕಿದ್ದು ಒಬ್ಬನ ಬೂಟಿನೊಳಗೆ. ಖಾಲಿ ಖೋಖಾಕ್ಕೆ ಈ ಪಾಡಾದರೆ ಗುಂಡಿಗೆ ಎಷ್ಟು ಲೆಕ್ಕವಿರಬೇಕು ಎಂಬುದನ್ನು ನನಗೆ ಯಾರೂ ಆಮೇಲೆ ಹೇಳಿಕೊಡಬೇಕಾಗಲಿಲ್ಲ.

ನಿಮ್ಮ ಮಗಳು ಸೇರಬೇಕೆಂದಿರುವ ಕಡೆ ಮದ್ದೂ ಇಲ್ಲ, ಹೊಗೆಯೂ ಇಲ್ಲ. 4.5 ಮಿಲಿಮೀಟರಿನ ಸೀಸದ ಪೆಲೆಟ್ಟನ್ನು ಒತ್ತಿದ ಗಾಳಿ ದೂಡುತ್ತದೆ, ಅಷ್ಟೆ. ಅದಕ್ಕೂ ಕಣ್ಣು ತೆಗೆಯುವ ಶಕ್ತಿಯಿದೆ, ಆದ್ದರಿಂದಲೇ ನಳಿಗೆ ಯಾವತ್ತೂ ಗುರಿಯ ಕಡೆಗೇ ಇರಬೇಕು. ಕಳೆದ ವರ್ಷ ಒಂದು ಶೂಟಿಂಗ್ ರೇಂಜಿನಲ್ಲಿ ಬೆಳಿಗ್ಗೆಯೆಲ್ಲ ಕುಳಿತಿದ್ದೆ. ಬಿರುಸು ಕ್ಯಾನ್ವಾಸಿನ ಜಾಕೆಟ್ಟು ತೊಟ್ಟ ಹುಡುಗಿಯರು ಕೀಲುಗೊಂಬೆಗಳಂತೆ ನಡೆಯುತ್ತ ಬಂದು ನಿಂತರು. ಹತ್ತು ಮೀಟರ್ ಆಚೆ ಗುರಿಯ ನಟ್ಟನಡುವಿನ ಚುಕ್ಕಿ ಅರ್ಧ ಮಿಲಿಮೀಟರ್, ಹೆಚ್ಚುಕಡಿಮೆ ಗಸಗಸೆ ಕಾಳು. ಸ್ಪರ್ಧೆಯಲ್ಲಾದರೆ ಅರವತ್ತು ಗುಂಡು, ಎಪ್ಪತ್ತೈದು ನಿಮಿಷ. ಒಬ್ಬ ಹುಡುಗಿ ಗುರಿ ಹಿಡಿದಳು, ಉಸಿರು ಬಿಟ್ಟಳು, ಏನೋ ಸರಿ ಕಾಣಲಿಲ್ಲ, ಹೊಡೆಯದೆ ಕೆಳಗಿಳಿಸಿದಳು. ಮತ್ತೆ ಎತ್ತಿದಳು, ಮತ್ತೆ ಇಳಿಸಿದಳು. ಮೂರನೇ ಸಲಕ್ಕೆ ‘ಟಪ್’ ಎಂದು ಒಂದು ಸಣ್ಣ ಸದ್ದು. ಸರಿ ಕಾಣದಿದ್ದಾಗ ಕೈ ಹಿಂದೆಗೆಯುವುದನ್ನು ಕಲಿಸುವ ತರಗತಿ ನಿಮ್ಮ ಶಾಲೆಯಲ್ಲಿ ಇನ್ನೊಂದಿದ್ದರೆ ದಯವಿಟ್ಟು ತಿಳಿಸಿ, ಬಂದು ನೋಡುತ್ತೇನೆ.

ಬೆಂಗಳೂರಿನ ಶೂಟರ್ ಪ್ರಕಾಶ್ ನಂಜಪ್ಪ ಅವರ ಮುಖದ ಒಂದು ಪಕ್ಕ 2013ರಲ್ಲಿ ಪಾರ್ಶ್ವವಾಯುವಿಗೆ ತುತ್ತಾಯಿತು. ಕಣ್ಣೇ ಬಂಡವಾಳವಾದ ಆಟದಲ್ಲಿ ಕಣ್ಣು ಮುಚ್ಚಲು ಬಾರದ ಸ್ಥಿತಿ. ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದ 50 ಮೀಟರ್ ಪಿಸ್ತೂಲಿನಲ್ಲಿ ಬೆಳ್ಳಿ ತಂದರು. ತಿಲೋತ್ತಮಾ ಸೇನ್, ಅವಳೂ ಬೆಂಗಳೂರಿನವಳೇ, ಹದಿನೈದನೇ ವಯಸ್ಸಿಗೆ, 2023ರ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಬೆಳ್ಳಿ ಗೆದ್ದು ಪ್ಯಾರಿಸ್ ಒಲಿಂಪಿಕ್ಸಿಗೆ ದೇಶಕ್ಕೊಂದು ಸ್ಥಾನ ಗಿಟ್ಟಿಸಿದಳು. ಸ್ಥಾನ ದೇಶದ್ದು, ಶೂಟರ್‌ದಲ್ಲ. ಆಯ್ಕೆಯಲ್ಲಿ ಬೇರೆಯವರು ಮುಂದೆ ಬಂದರು, ಅವಳು ಪ್ಯಾರಿಸ್ಸಿಗೆ ಹೋಗಲಿಲ್ಲ. ಆ ವಯಸ್ಸಿಗೆ ಅಂಥದನ್ನು ನುಂಗಿಕೊಳ್ಳುವುದು ನಮ್ಮಲ್ಲಿ ಎಷ್ಟು ಜನರಿಂದಾಗುತ್ತದೆ? ನಿವೃತ್ತಿಯ ಹೊಸ್ತಿಲಲ್ಲಿ ಬಡ್ತಿ ತಪ್ಪಿದ್ದಕ್ಕೆ ಈಗಲೂ ಗೊಣಗುವವರ ಜೊತೆ ನಾನು ದಿನವೂ ಊಟ ಮಾಡುತ್ತೇನೆ.

ಈಗ ನಿಮ್ಮನ್ನು ಸ್ವಲ್ಪ ಗದರಿಸಬೇಕು, ಬೇಸರ ಮಾಡಿಕೊಳ್ಳಬೇಡಿ. ನಿಮ್ಮೂರ ಜಾತ್ರೆಗೆ ಹೋಗಿ. ಬೆಂಡು ಬತ್ತಾಸಿನ ಅಂಗಡಿಯ ಪಕ್ಕ ಪ್ಲಾಸ್ಟಿಕ್ ಪಿಸ್ತೂಲುಗಳ ರಾಶಿ. ನಾಲ್ಕು ವರ್ಷದ ಮಗು ಅದನ್ನು ಅಜ್ಜಿಯ ಹಣೆಗೆ ಇಟ್ಟು ‘ಢಿಶುಂ’ ಎನ್ನುತ್ತದೆ. ಅಜ್ಜಿ ಸತ್ತಂತೆ ನಟಿಸುತ್ತಾಳೆ, ಮನೆಯವರೆಲ್ಲ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತಾರೆ. ಬಸ್ ನಿಲ್ದಾಣದ ಎದುರಿನ ಸಿನಿಮಾ ಕಟೌಟಿನಲ್ಲಿ ನಾಯಕ ಎರಡೂ ಕೈಯಲ್ಲಿ ಬಂದೂಕು ಹಿಡಿದು ಬರುವವರಿಗೆ ಗುರಿಯಿಟ್ಟಿದ್ದಾನೆ. ಅದಕ್ಕೆ ಹಾಲಿನ ಅಭಿಷೇಕ. ಇದ್ಯಾವುದೂ ನಮಗೆ ಅಮೆರಿಕದ ಹಾದಿಯಾಗಿ ಕಾಣುವುದಿಲ್ಲ. ಯಾರ ಕಡೆಗೂ ನಳಿಗೆ ತಿರುಗಿಸಬಾರದೆಂದು ನೂರು ಸಲ ಹೇಳಿಸಿಕೊಂಡ ಹುಡುಗಿ ಬಿಳಿ ಕಾಗದಕ್ಕೆ ಗುರಿಯಿಟ್ಟಾಗ ಮಾತ್ರ ನಮಗೆ ಭಯ.

ಆಟದ ಮಾತು ಬಂದಾಗಲೆಲ್ಲ ನನಗೆ ಸಿಟ್ಟು ಬರುವುದು ಇನ್ನೊಂದು ಕಾರಣಕ್ಕೆ. ಒಳ್ಳೆಯ ವಿದೇಶಿ ರೈಫಲಿಗೆ ಲಕ್ಷಗಳ ಲೆಕ್ಕ. ತಾಲ್ಲೂಕು ಕೇಂದ್ರದಲ್ಲಿ ರೇಂಜ್ ಹುಡುಕಿದರೆ ಸಿಗುವುದಿಲ್ಲ. ಇರುವ ಮೈದಾನದಲ್ಲಿ ವರ್ಷಕ್ಕೆರಡು ಸಲ ಪಟಾಕಿ ಅಂಗಡಿ, ಉಳಿದಂತೆ ಭಾಷಣ. ಪಿ.ಟಿ. ಪೀರಿಯಡ್ಡನ್ನು ಗಣಿತದ ಮೇಷ್ಟ್ರು ನುಂಗುತ್ತಾರೆ. ನೀವೂ ಮೇಷ್ಟ್ರೇ, ಗಣಿತವೋ ಕನ್ನಡವೋ ಬರೆದಿಲ್ಲ, ಗಣಿತವಾದರೆ ಕ್ಷಮಿಸಿ.

ಮಗಳನ್ನು ಕಳುಹಿಸುವ ಮುಂಚೆ ಒಂದು ಶನಿವಾರ ನೀವೇ ಹೋಗಿ ಬನ್ನಿ. ಗೆರೆಯ ಹಿಂದೆ ಕುಳಿತು ನೋಡಿ. ಕಲಿಸುವವರು ಮೊದಲ ದಿನವೇ ಪದಕದ ಮಾತಾಡಿದರೆ ಎದ್ದು ಬನ್ನಿ. ಖಾಲಿ ನಳಿಗೆ ತೋರಿಸುವುದರಿಂದ ಶುರು ಮಾಡಿದರೆ ಶುಲ್ಕ ಕಟ್ಟಿ. ಅವಳು ಹೊಡೆದ ಮೊದಲ ಗುರಿಕಾಗದವನ್ನು ನನಗೆ ಕಳುಹಿಸಿ, ಎಷ್ಟೇ ಕೆಟ್ಟದಾಗಿದ್ದರೂ ಸರಿ. ಅಂದು ಶಿಬಿರದಲ್ಲಿ ನನ್ನ ಐದು ಗುಂಡಿನಲ್ಲಿ ಮೂರು ಹಲಗೆಯನ್ನೇ ಮುಟ್ಟಿರಲಿಲ್ಲ. ಖೋಖಾ ಇದ್ದ ಬೂಟೂ ನನ್ನದೇ.

— ಸಂ.