ಗೇರ್ ಬಾಕ್ಸ್ ಬಿಚ್ಚಿಸುವ ಮೊದಲು ಬ್ರೀದರ್ ನೋಡಿ

ನಿಮ್ಮದು 35 ಎಚ್‌ಪಿ ಹಳೇ ಟ್ರ್ಯಾಕ್ಟರ್, ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಅಡಿಯಲ್ಲಿ ಎಣ್ಣೆ ಬಿದ್ದಿರುತ್ತದೆ, ಮೆಕ್ಯಾನಿಕ್ ಗೇರ್ ಬಾಕ್ಸ್ ಪೂರ್ತಿ ಬಿಚ್ಚಬೇಕು ಅಂತಿದ್ದಾರೆ, ಬಿಚ್ಚಿಸಲಾ ಅಂತ ಕೇಳಿದ್ದೀರಿ. ಈಗಲೇ ಬೇಡ ಮಾರಾಯ್ರೇ. ಮೊದಲು ತೊಳೆಯಿರಿ.

ಸುಮ್ನೆ ನೀರು ಹೊಡೆದರೆ ಆಗಲ್ಲ. ಡೀಸೆಲ್ ಹಚ್ಚಿ, ಬ್ರಷ್ಷಿನಲ್ಲಿ ತಿಕ್ಕಿ, ಒರೆಸಿ ಒಣಗಿಸಿ. ಆಮೇಲೆ ಒಂದು ಗಂಟೆ ಕೆಲಸ ಮಾಡಿಸಿ, ಸಪಾಟು ಜಾಗದಲ್ಲಿ ನಿಲ್ಲಿಸಿ ಅಡಿಗೆ ರಟ್ಟು ಹಾಸಿ. ಎಣ್ಣೆ ಬೀಳುವ ಜಾಗ ಒಂದು, ಸೋರುವ ಜಾಗ ಇನ್ನೊಂದು, ಯಾಕಂದ್ರೆ ಅದು ಹೌಸಿಂಗ್ (ಹೊರಗಿನ ಕಬ್ಬಿಣದ ಕವಚ) ಗುಂಟ ಹರಿದು ಬಂದು ತಗ್ಗಿನಲ್ಲಿ ತೊಟ್ಟಿಕ್ಕುತ್ತದೆ. ಹಾಗಾಗಿ ಒದ್ದೆಯಾದ ಜಾಗದಲ್ಲಿ ಎಲ್ಲಕ್ಕಿಂತ ಮೇಲಿನದು ಯಾವುದು ಅಂತ ಹುಡುಕಿ.

ನನ್ನದು ಬನವಾಸಿ ಕಡೆ ಗದ್ದೆ. ಹಿಂದಿನ ಆಕ್ಸಲ್ ಸೀಲ್, ಅಂದ್ರೆ ಎಣ್ಣೆ ಹೊರಗೆ ಬರದಂತೆ ತಡೆಯುವ ರಬ್ಬರ್ ಬಳೆ, ಎರಡು ಸಲ ಬದಲಾಯಿಸಿದೆ, ಎರಡು ಸಲವೂ ತಿಂಗಳೊಳಗೆ ಮತ್ತೆ ಸೋರಿತು. ಮೂರನೇ ಸಲ ಬ್ರೀದರ್, ಅಂದ್ರೆ ಒಳಗಿನ ಗಾಳಿ ಹೊರಗೆ ಹೋಗುವ ಸಣ್ಣ ಕಿಂಡಿ, ಬಿಚ್ಚಿ ನೋಡಿದರೆ ಒಳಗೆ ಕುಂಬಾರ ಹುಳದ ಮಣ್ಣು, ಅದರ ಮೇಲೆ ಹೊಟ್ಟು ಮತ್ತು ಗ್ರೀಸ್ ಸೇರಿ ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಎಣ್ಣೆ ಕಾದಾಗ ಒಳಗಿನ ಗಾಳಿ ಹಿಗ್ಗುತ್ತದೆ, ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಸೀಲನ್ನು ತಳ್ಳಿಕೊಂಡು ಎಣ್ಣೆ ಹೊರಗೆ ಬರುತ್ತದೆ. ತಂತಿ ಹಾಕಿ ಕೆದಕಿ, ಡೀಸೆಲ್‌ನಲ್ಲಿ ನೆನೆಸಿ, ಬಾಯಲ್ಲಿ ಊದಿದರೆ ಗಾಳಿ ದಾಟಬೇಕು. ನಿಮ್ಮ ಗಾಡಿಯಲ್ಲಿ ಅದು ಮೇಲಿನ ಕವರ್‌ನಲ್ಲಿರಬಹುದು, ಎಣ್ಣೆ ಹಾಕುವ ಮುಚ್ಚಳದಲ್ಲೇ ಇರಬಹುದು. ಜೊತೆಗೆ ಡಿಪ್ ಸ್ಟಿಕ್ ನೋಡಿ, ಎಣ್ಣೆ ಜಾಸ್ತಿ ಇದ್ದರೂ ಇದೇ ಕತೆ.

ಎಣ್ಣೆ ಹಾಲು ಹಾಕಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಅಂತ ಅರ್ಥ. ಸಿರ್ಸಿಯ ಮಳೆಗಾಲ ಗೊತ್ತಲ್ವಾ, ಬಯಲಲ್ಲಿ ನಿಂತ ಗಾಡಿಗೆ ಗೇರ್ ಲಿವರ್ ಬುಡದ ಹರಿದ ರಬ್ಬರ್‌ನಿಂದಲೇ ನೀರು ಇಳಿಯುತ್ತದೆ. ರಬ್ಬರ್ ಹೊಸದು ಹಾಕಿ, ಎಣ್ಣೆ ಪೂರ್ತಿ ಬದಲಾಯಿಸಿ.

ಕ್ಲಚ್ ಹೌಸಿಂಗ್ ಅಡಿಯ ತೂತಿನಿಂದ ಬರುತ್ತಿದ್ದರೆ ಬಣ್ಣ ನೋಡಿ. ಕಪ್ಪಾಗಿದ್ದರೆ ಹೆಚ್ಚಾಗಿ ಇಂಜಿನ್ ಎಣ್ಣೆ, ಕ್ರ್ಯಾಂಕ್ ಹಿಂದಿನ ಸೀಲ್. ಜೇನಿನ ಬಣ್ಣ ಇದ್ದರೆ ಗೇರ್ ಬಾಕ್ಸ್ ಇನ್‌ಪುಟ್ ಶಾಫ್ಟ್ ಸೀಲ್. ಇಲ್ಲಿ ಮಾತ್ರ ನಿಮ್ಮ ಮೆಕ್ಯಾನಿಕ್ ಹೇಳಿದ್ದು ಸರಿ, ಟ್ರ್ಯಾಕ್ಟರನ್ನು ನಡುವೆ ಎರಡು ಭಾಗವಾಗಿ ಬಿಚ್ಚಲೇಬೇಕು. ಆ ತೂತು ಮುಚ್ಚಬೇಡಿ, ಎಣ್ಣೆ ಒಳಗೇ ನಿಂತು ಕ್ಲಚ್ ಪ್ಲೇಟಿಗೆ ಹತ್ತಿದರೆ ಪ್ಲೇಟೂ ಹೋಗುತ್ತದೆ.

ಸೀಲ್ ಹಾಕುವಾಗ ಶಾಫ್ಟ್ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಅಲ್ಲಿ ಗೀರು ಬಿದ್ದಿದೆ, ಹೊಸ ಸೀಲ್ ಅದೇ ಜಾಗದಲ್ಲಿ ಕೂತರೆ ಮತ್ತೆ ಸೋರುತ್ತದೆ. ಸ್ವಲ್ಪ ಆಚೀಚೆ ಕೂರಿಸಿ, ಇಲ್ಲವೇ ಶಾಫ್ಟ್ ಮೇಲೆ ಸ್ಲೀವ್ (ತೆಳು ಲೋಹದ ಕೊಳವೆ) ಹಾಕಿಸಿ. ಸೀಲಿನ ಸ್ಪ್ರಿಂಗ್ ಇರುವ ತುಟಿ ಎಣ್ಣೆಯ ಕಡೆಗಿರಬೇಕು. ತುಟಿಗೆ ಎಣ್ಣೆ ಸವರಿ, ಮರದ ತುಂಡಿಟ್ಟು ಸುತ್ತಲೂ ಸಮನಾಗಿ ತಟ್ಟಿ. ಕವರ್‌ಗೆ ಗ್ಯಾಸ್ಕೆಟ್ ಪೇಪರ್ ಸಾಕು. ಸಿಲಿಕಾನ್ ದಪ್ಪಗೆ ಬಳಿದರೆ ಹೆಚ್ಚಿನದು ಒಳಗೆ ಕಿತ್ತು ಬಿದ್ದು ಹೈಡ್ರಾಲಿಕ್ ಜಾಲರಿಗೆ ಸಿಕ್ಕಿಕೊಳ್ಳುತ್ತದೆ, ಹಳೇ ಗಾಡಿಗಳಲ್ಲಿ ಎಷ್ಟೋ ಕಡೆ ಗೇರ್ ಬಾಕ್ಸ್, ಹೈಡ್ರಾಲಿಕ್ ಎರಡಕ್ಕೂ ಒಂದೇ ಎಣ್ಣೆ.

ಹಿಂದಿನ ಚಕ್ರದ ಒಳಬದಿ ಒದ್ದೆಯಾಗಿದ್ದರೆ ಅದೊಂದನ್ನು ತಡ ಮಾಡಬೇಡಿ. ಅಲ್ಲಿನ ಎಣ್ಣೆ ಬ್ರೇಕ್ ಲೈನಿಂಗಿಗೆ ಹತ್ತುತ್ತದೆ, ಬ್ರೇಕ್ ಒತ್ತಿದರೆ ಗಾಡಿ ಒಂದೇ ಕಡೆ ಎಳೆಯುತ್ತದೆ. ಎಣ್ಣೆ ಕುಡಿದ ಲೈನಿಂಗ್ ತೊಳೆದು ಹಾಕಿದರೂ ನಂಬುವ ಹಾಗಿಲ್ಲ, ಹೊಸದೇ ಹಾಕಿಸಿ. ಅಲ್ಲಿವರೆಗೆ ಟ್ರೇಲರ್ ತುಂಬಿಕೊಂಡು ದೇವಿಮನೆ ಘಟ್ಟ ಇಳಿಯಬೇಡಿ.