ತಿಮ್ಮಯ್ಯನನ್ನು ಬಿಟ್ಟದ್ದು ನಮ್ಮ ತಪ್ಪು

ಕುಮಟಾದ ಮಿತ್ರರೇ, ನಮಸ್ಕಾರ.

ಕಳೆದ ಸಂಚಿಕೆಯಲ್ಲಿ ಪೋರ್ಚುಗೀಸ್ ದಂಡನಾಯಕ ಅಲ್ಬುಕರ್ಕ್ ಬಗ್ಗೆ ಬಂದ ಲೇಖನ ಓದಿ ಎರಡು ಪ್ರಶ್ನೆ ಕೇಳಿದ್ದೀರಿ. ಶಾಲೆಯಲ್ಲಿ ಅವನು ವೈಸ್‌ರಾಯ್ ಅಂತ ಓದಿದ್ದೆವು, ನೀವು ಗವರ್ನರ್ ಎಂದಿದ್ದೀರಲ್ಲ? ಗೋವಾ ಗೆದ್ದ ಕಥೆಯಲ್ಲಿ ನಮ್ಮ ಹೊನ್ನಾವರದ ಹಡಗುಪಡೆಯ ನಾಯಕ ತಿಮ್ಮಯ್ಯ ಎಲ್ಲಿ?

ಮೊದಲನೆಯದು ಸುಲಭ. ವೈಸ್‌ರಾಯ್ ಪದವಿ ಇದ್ದದ್ದು ಅವನಿಗಿಂತ ಮುಂಚೆ ಬಂದ ಅಲ್ಮೇಡಾಗೆ. ಅಲ್ಬುಕರ್ಕ್ ಬರೀ ಗವರ್ನರ್. ಅದೂ ಸುಮ್ನೆ ಸಿಗಲಿಲ್ಲ. ಅಧಿಕಾರ ಕೊಡು ಎಂದದ್ದಕ್ಕೆ ಅಲ್ಮೇಡಾ ಅವನನ್ನು ಕಣ್ಣೂರಿನಲ್ಲಿ ಕೂಡಿಹಾಕಿದ್ದ.

ಎರಡನೆಯದಕ್ಕೆ ತಪ್ಪೊಪ್ಪಿಕೊಳ್ಳುತ್ತೇನೆ. 1510ರಲ್ಲಿ ಅಲ್ಬುಕರ್ಕ್ ಹಡಗುಗಳು ಹೊರಟಿದ್ದು ಕೆಂಪು ಸಮುದ್ರದ ಕಡೆಗೆ. ಅಷ್ಟು ದೂರ ಯಾಕೆ, ನಿಮ್ಮ ಶತ್ರುಗಳು ಇಲ್ಲೇ ಬಿಜಾಪುರದವರ ಗೋವಾದಲ್ಲಿ ಹಡಗು ಕಟ್ಟುತ್ತಿದ್ದಾರೆ ಅಂತ ದಾರಿ ತಿರುಗಿಸಿದವನು ತಿಮ್ಮಯ್ಯ. ಊರು ಸಲೀಸಾಗಿ ಕೈಗೆ ಬಂತು. ಮೇ ತಿಂಗಳಲ್ಲಿ ಆದಿಲ್‌ಶಾಹಿ ಸೈನ್ಯ ಬಂದು ಪೋರ್ಚುಗೀಸರನ್ನು ಓಡಿಸಿತು.

ಹಡಗು ಹತ್ತಿದರೇನು, ಮಳೆಗಾಲ ಶುರುವಾಗಿತ್ತು. ಆಗ ಅಳಿವೆ ದಾಟುವುದು ಎಂದರೇನು ಅಂತ ಕುಮಟಾದವರಿಗೆ ನಾನು ಹೇಳಬೇಕಾ? ಆಗಸ್ಟ್‌ವರೆಗೆ ಗೋವಾದ ಮಾಂಡೋವಿ ನದಿಯಲ್ಲೇ ಸಿಕ್ಕಿಬಿದ್ದರು. ಇಲಿ ಹಿಡಿದು ತಿಂದರು. ಪೆಟ್ಟಿಗೆಗಳಿಗೆ ಹೊದಿಸಿದ್ದ ತೊಗಲು ಕಿತ್ತು ಬೇಯಿಸಿ ತಿಂದರು. ಆಗ ಆದಿಲ್ ಶಾಹ ದೋಣಿಯಲ್ಲಿ ಆಹಾರ ಕಳಿಸಿದ. ಕರುಣೆಯೋ, ಇವರ ಹಸಿವು ನೋಡಿಬರುವ ಉಪಾಯವೋ? ಅಲ್ಬುಕರ್ಕ್, ಕಾಯಿಲೆಯವರಿಗೆಂದು ಎತ್ತಿಟ್ಟಿದ್ದ ದ್ರಾಕ್ಷಾರಸ, ಬಿಸ್ಕತ್ತು ಎಲ್ಲ ಎದುರಿಗೆ ಹರಡಿಸಿ, ನಮಗೇನೂ ಕೊರತೆಯಿಲ್ಲ ಅಂತ ದೋಣಿಯನ್ನು ವಾಪಸ್ ಕಳಿಸಿದನಂತೆ. ಈ ಹಟ ನನಗೆ ಹಿಡಿಸುತ್ತದೆ.

ಮುಂದಿನದು ಹಿಡಿಸುವುದಿಲ್ಲ. ನವೆಂಬರ್ 25ಕ್ಕೆ ಗೋವಾ ಮತ್ತೆ ಅಲ್ಬುಕರ್ಕ್ ಕೈಗೆ ಬಿತ್ತು. ನಾಲ್ಕು ದಿನ ಊರಿನ ಮುಸ್ಲಿಮರನ್ನು ಹುಡುಕಿ ಹುಡುಕಿ ಕೊಂದರು. ಆಗದವರು ಕಟ್ಟಿದ ಕಥೆ ಅಲ್ಲ ಇದು. ಪೋರ್ಚುಗಲ್ ದೊರೆ ಮನುಯೆಲ್‌ಗೆ ಅವನೇ ಬರೆದ ಕಾಗದದಲ್ಲಿದೆ.

ತಿಮ್ಮಯ್ಯನಿಗೆ ಏನು ಸಿಕ್ಕಿತು? ಗೋವಾದ ಸುತ್ತಲಿನ ಭೂಮಿಯ ಕಂದಾಯ ವಸೂಲಿ. ಅದೂ ಜಾಸ್ತಿ ದಿನ ಉಳಿಯದೆ ಮಲ್ಹಾರ ರಾವ್ ಎಂಬವನ ಪಾಲಾಯಿತು.

ಅಲ್ಬುಕರ್ಕ್‌ಗೂ ಹಾಗೇ ಆಯಿತು, ಅಲ್ವಾ? 1515ರಲ್ಲಿ ಪರ್ಷಿಯಾ ಕೊಲ್ಲಿಯ ಬಾಯಲ್ಲಿರುವ ಹೊರ್ಮುಜ್ ಹಿಡಿದು, ಕಾಯಿಲೆ ಬಿದ್ದು ಮರಳುವಾಗ ಕಡಲಿನಲ್ಲೇ ಸುದ್ದಿ ಸಿಕ್ಕಿತು: ಹೊಸ ಗವರ್ನರ್ ಬಂದಾಗಿದೆ, ಅದೂ ತನಗೆ ಆಗದ ಲೋಪೊ ಸೋರೆಸ್. ಡಿಸೆಂಬರ್ 16ರಂದು, ಗೋವಾ ಇನ್ನೇನು ಬಂತು ಎನ್ನುವಾಗ, ಹಡಗಿನಲ್ಲೇ ಸತ್ತ.

– ಸಂಪಾದಕ